ಭಾನುವಾರದ ಸದ್ದು

ಸ್ಪೀಕರ್ ಕೊಳ್ಳಲು ಬಂದ ಶಾಂತವ್ವ ಅದರ ಎದುರು ಕೂರಲೇ ಇಲ್ಲ. ಭಜನೆ ತುಂಬಿದ ಪೆನ್ ಡ್ರೈವ್ ಕೊಟ್ಟು, ಹೊರಗೆ ಹೋಗಿ ತನ್ನ ಕಾರಿನಲ್ಲಿ ಕುಳಿತು ಗಾಜು ಏರಿಸಿಕೊಂಡಳು. ವಿವೇಕ ಸ್ಪೀಕರ್ ಹಚ್ಚಿ ಆಕೆಗೆ ಫೋನ್ ಮಾಡಬೇಕಂತೆ. ಆಕೆ ಫೋನಿನಲ್ಲಿ ಕೇಳುತ್ತಾಳಂತೆ.

ಶನಿವಾರಗಳಲ್ಲಿ ಪ್ಲೇನ್‌ಫೀಲ್ಡ್‌ನ ತನ್ನ ಗರಾಜಿನಲ್ಲಿ ಹಳೆಯ ಆಡಿಯೊ ಸಾಮಾನು ದುರಸ್ತಿ ಮಾಡಿ ಮಾರುವ ವಿವೇಕನಿಗೆ ಅನುಮಾನ ಬಂತು.

"ಒಳಗೆ ಬಂದು ಕೇಳಿ ಆಂಟಿ."

"ನಾ ಕೇಳಾಕ ತಗೊಳ್ಳಾಕತ್ತಿಲ್ಲಪ್ಪ."

ಫೋನಿನಲ್ಲಿ ಕೇಳಿ ಮುಗಿಸಿ ಆಕೆ ಒಳಗೆ ಬಂದಳು. ಅನುಮಾನವಿದ್ದರೂ ಅವನು ಪ್ರಾಮಾಣಿಕ. "ದುಬಾರಿ ಕೇಬಲ್‌ಗೆ ದುಡ್ಡು ಸುರೀಬೇಡಿ. ಹಳೇ ಆಂಪ್ಲಿಫೈಯರ್ ಸಾಕು. ಹಾಕೋದಿದ್ರೆ ಈ ಜೋಡಿ ಸ್ಪೀಕರ್‌ಗೆ ಹಾಕಿ. ಉಳಿದದ್ದರಲ್ಲಿ ದಪ್ಪ ಪರದೆ ತಗೊಳ್ಳಿ. ಬರೀ ಗೋಡೆ ಇದ್ರೆ ದನಿ ಮೊಳಗುತ್ತೆ, ಖಾಲಿ ಮನೆ ಅಂತ ಗೊತ್ತಾಗಿಬಿಡುತ್ತೆ."

"ಪರದೆ ತಗೋತೀನಿ," ಎಂದಳು ಶಾಂತವ್ವ ತಕ್ಷಣ. ಆಮೇಲೆ ಕಪಾಟಿನ ಮೇಲಿನ ಪುಟ್ಟ ಬ್ಲೂಟೂತ್ ಸ್ಪೀಕರ್ ತೋರಿಸಿದಳು. "ಇದು ಅಗ್ಗ ಅದ ಅಲ್ಲ?"

"ಬೇಡ. ಚಾರ್ಜ್ ಮುಗಿದ್ರೆ ನಡುವೆ ಅದೇ ಮಾತಾಡುತ್ತೆ, 'ಬ್ಯಾಟರಿ ಲೋ' ಅಂತ."

"ಹಂಗಾರ ಬ್ಯಾಡ. ನಡುವ ಮಾತಾಡಿದ್ರ ನನ್ನ ಮಾನ ಹೋಗ್ತದ." ಪೆನ್ ಡ್ರೈವ್‌ನತ್ತ ಕೈ ತೋರಿಸಿ ಹೇಳಿದಳು. "ಇದರಾಗ ಒಬ್ಬರ ದನಿ ಐತಿ, ಭಜನಿ ನಡುವ ನಗ್ತಾರ. ಅದನ್ನಷ್ಟ ತೆಗೀಲಿಕ್ಕೆ ಬರ್ತದೇನು?"

"ಯಾರದು ಆಂಟಿ?"

"ನಮ್ಮ ಮನಿಯವರದು."

ವಿವೇಕ ಆ ನಗುವನ್ನು ಕತ್ತರಿಸಿ ಪೆನ್ ಡ್ರೈವ್ ವಾಪಸು ಕೊಟ್ಟ.

ಸಂಗನಬಸಪ್ಪ ಇದ್ದಾಗ ಗ್ಲೆಂಡೇಲ್ ಹೈಟ್ಸ್‌ನ ಅವರ ಮನೆಯಲ್ಲಿ ಪ್ರತಿ ಭಾನುವಾರ ಭಜನೆ. ಆತ ಶಿವನ ಪಾದ ಸೇರಿದ ಮೇಲೆ ಜನ ಒಬ್ಬೊಬ್ಬರೇ ಬಿಟ್ಟರು. ಟ್ರಾಯ್ ಎಂಬ ದೂರದ ಊರಿನಲ್ಲಿರುವ ಮಗಳು ಸ್ಮಿತಾ ಮೊದಲೇ ಹೇಳಿದ್ದಳು: "ಮಂದಿ ಬರೂದು ನಿಂತ ದಿನ ನಾ ಬಂದು ಕರ್ಕೊಂಡು ಹೋಗ್ತೀನಿ." ಅಳಿಯ, ಎರಡು ಮಕ್ಕಳು ತುಂಬಿದ ಆ ಮನೆಯಲ್ಲಿ ತಾನೊಂದು ಭಾರವಾಗುವುದು ಶಾಂತವ್ವನಿಗೆ ಬೇಡವಾಗಿತ್ತು. ಗಂಡನ ಜೊತೆ ಕೂತು ಪೂಜೆ ಮಾಡಿದ ಕೋಣೆಯನ್ನು ಬಿಡುವುದೂ ಬೇಡವಾಗಿತ್ತು.

ಭಾನುವಾರ ಆಕೆ ವಿಭೂತಿ ಧರಿಸಿ ದೀಪ ಹಚ್ಚಿದಳು. ಪರದೆ ಎಳೆದಳು. ಅಭ್ಯಾಸದಂತೆ ಜಮಖಾನೆಯನ್ನೂ ಹಾಸಿದಳು. ಹಾಲಿನಲ್ಲಿ ಭಜನೆ ಶುರುಮಾಡಿ ಅಡುಗೆಮನೆಗೆ ಬಂದು ಕುಳಿತಳು. ಸ್ಮಿತಾಳ ಫೋನ್ ಬಂತು.

"ಮಂದಿ ಬಂದಾರೇನವ್ವಾ?"

"ಕೇಳಸ್ತದಲ್ಲ."

"ಭಾಳ ಮಂದಿ ಬಂದಂಗೈತಿ."

"ಹೂಂ. ಪ್ರಸಾದದ ಮಾದಲಿ ಸಾಲ್ತದೋ ಇಲ್ಲೋ." ಒಲೆಯ ಮೇಲೆ ಒಬ್ಬರಿಗಾಗುವಷ್ಟು ಅನ್ನವಿತ್ತು. "ಹುಡುಗರಿಗೆ ಫೋನ್ ಕೊಡು."

"ಆಟದಾಗ ಅದಾರವ್ವಾ. ಕರದ್ರ ಬರಂಗಿಲ್ಲ."

ಬೇಸಿಗೆಯಿಂದ ಹಾಗೆಯೇ. ಮೊಮ್ಮಕ್ಕಳು ಫೋನಿಗೆ ಬರುವುದಿಲ್ಲ, ಅವರ ನಗು ಮಾತ್ರ ತಪ್ಪದೆ ಕೇಳಿಸುತ್ತದೆ. ಇವತ್ತೂ ಕೇಳಿಸುತ್ತಿತ್ತು. ತುಂಬಿದ ಮನೆ, ಹಾಗೇ ಇರಲಿ ಶಿವನೇ, ಎಂದುಕೊಂಡಳು.

ಆಗ ಒಂದು ಹೆಣ್ಣುದನಿ ಸ್ಪಷ್ಟವಾಗಿ ಹೇಳಿತು: "ಬ್ಯಾಟರಿ ಲೋ."

ಸಿಕ್ಕಿಬಿದ್ದೆ ಎಂದು ಶಾಂತವ್ವ ಎದ್ದು ಹಾಲಿನತ್ತ ನೋಡಿದಳು. ಸ್ಪೀಕರಿನ ವೈರು ಗೋಡೆಯ ಪ್ಲಗ್ಗಿನಲ್ಲಿ ಭದ್ರವಾಗಿತ್ತು. ಭಜನೆ ನಡೆದೇ ಇತ್ತು.

ಫೋನಿನ ಆ ಕಡೆ, ಮೊಮ್ಮಕ್ಕಳ ನಗು ಅರ್ಧಕ್ಕೇ ನಿಂತುಹೋಗಿತ್ತು.