ಮಾರಾಟಕ್ಕಿದ್ದ ಕೈಗುಣ

ದವಾಖಾನೆ ಕೊಂಡರೆ ಹಳೆಯ ಡಾಕ್ಟರ ಕೈಗುಣವೂ ಜೊತೆಗೇ ಬರುತ್ತಿತ್ತು. ರಾಣೆಬೆನ್ನೂರಿನ ಡಾಕ್ಟರ್ ಬಳಿಗಾರ್ ತಮ್ಮದನ್ನು ಕೈಗವಸಿನಂತೆ ಕಳಚಿ, ಕೊಳ್ಳಲು ಬಂದ ಡಾಕ್ಟರ್ ಶರ್ವಾಣಿಗೆ ಕೊಟ್ಟರು.

"ಹಾಕ್ಕೊಂಡ ನೋಡವಾ. ವ್ಯವಹಾರ ಆಮ್ಯಾಲೆ."

ಅದನ್ನು ತೊಟ್ಟು ಆಕೆ, ಹೊಟ್ಟೆನೋವೆಂದು ಬಂದು ಮಂಚದ ಮೇಲೆ ಮಲಗಿದ್ದ ಫಕ್ಕೀರವ್ವನ ಹೊಟ್ಟೆ ಮುಟ್ಟಿದಳು. ಮುದುಕಿಯ ಮುಖ ಅರಳಿತು. "ನಮ್ಮ ಡಾಕ್ಟ್ರು ಮುಟ್ಟಿದಂಗ ಆತ್ರಿ. ನೋವು ಹೋತು."

"ಹಳೇ ಗ್ಯಾಸು," ಎಂದರು ಬಳಿಗಾರ್.

ಕೈಗುಣವೂ ಅದನ್ನೇ ಹೇಳುತ್ತಿತ್ತು. ಶರ್ವಾಣಿ ಕೈಯನ್ನು ಬಲಪಕ್ಕೆಯ ಕಡೆಗೆ ಒಯ್ಯಲು ನೋಡಿದರೂ ಅದು ಅತ್ತ ಸರಿಯಲು ಬಿಡಲಿಲ್ಲ. ಆಕೆ ಅದನ್ನು ಕಳಚಿ ಬರಿಗೈಯಿಂದ ಅಲ್ಲಿ ಒತ್ತಿದಳು. ಫಕ್ಕೀರವ್ವ ಚೀರಿದಳು. ಬೆರಳಿಗೆ ಗಂಟು ಸಿಕ್ಕಿತು.

ಬಳಿಗಾರ್ ತಾವೂ ಬರಿಗೈಯಲ್ಲಿ ಮುಟ್ಟಿ ನೋಡಿದರು. ಗಂಟು ಅವರಿಗೂ ಸಿಕ್ಕಿತು.

"ಇವತ್ತ ಸ್ಕ್ಯಾನ್ ಮಾಡಸೂಣು," ಎಂದಳು ಶರ್ವಾಣಿ. "ಈ ಕೈಗುಣ ಬ್ಯಾಡ್ರಿ ಸರ್, ನಾ ಎದುರಿಗೇ ಹೊಸಾ ದವಾಖಾನಿ ತಗೀತೀನಿ."

"ಮಂದಿ ಬರಬೇಕಲ್ಲವಾ?"

ಫಕ್ಕೀರವ್ವ ಸೆರಗು ಸರಿಪಡಿಸಿಕೊಂಡು ಮಂಚ ಇಳಿದಳು. "ಎಂದ ತಗೀತೀರಿ ಹೇಳ್ರಿ. ಮೊದಲ ಪಾಳಿ ನಂದು."