ಬೂದು ದಾಸವಾಳ

ತೋಟಗಾರಿಕೆ ಸಂಘದ ವಸಂತ ಪ್ರದರ್ಶನದ ದಿನವೇ ಅರಳಲೆಂದು ಒಂದೇ ಮೊಗ್ಗು ಉಳಿಸಿ ಮಿಕ್ಕದ್ದನ್ನೆಲ್ಲ ಚಿವುಟಿದ್ದೆ. ಬೂದು ಬಣ್ಣದ ದಾಸವಾಳ, ಅಂಚಿಗೆ ಹಳದಿ ಗೆರೆ. ಎರಡು ತಳಿ ಕೂಡಿಸಿ ನಾನೇ ಹುಟ್ಟಿಸಿದ ಬಣ್ಣ, ಊರಲ್ಲಿ ಇನ್ನೊಂದಿಲ್ಲ.

ಬೆಳಗ್ಗೆ ನೋಡಿದರೆ ಬರೀ ತೊಟ್ಟು. ವಾಕಿಂಗ್ ನೆಪದಲ್ಲಿ ಪ್ಲಾಸ್ಟಿಕ್ ಚೀಲ ಹಿಡಿದು ಕಂಡವರ ಕಾಂಪೌಂಡಿಗೆ ಕೈ ಹಾಕುವ ಈ ಭಕ್ತರನ್ನು ನೆನೆದರೇ ನನಗೆ ವಾಕರಿಕೆ. ಆದರೂ ಹಟಕ್ಕೆ ಕುಂಡ ಹೊತ್ತುಕೊಂಡು ಹೋಗಿ ಸಾಲಿನಲ್ಲಿಟ್ಟೆ.

ಹಣೆ ತುಂಬ ಗಂಧ ಬಳಿದುಕೊಂಡಿದ್ದ ತೀರ್ಪುಗಾರರು ನನ್ನ ಗಿಡದ ಮುಂದೆ ನಿಂತರು.

"ಏನಮ್ಮ ಇದು, ಹೂವೇ ಇಲ್ಲ?"

"ಬೆಳಗ್ಗೆ ಯಾರೋ ಕಿತ್ಕೊಂಡು ಹೋದ್ರು ಸಾರ್. ಥೂ, ಕಳ್ಳರು!"

"ಛೆ, ಹಾಗೆಲ್ಲ ಅನ್ಬಾರದು. ದೇವರಿಗೆ ತಾನೆ ಕಿತ್ತಿರ್ತಾರೆ? ಪುಣ್ಯ ನಿಮಗೂ ಬರುತ್ತೆ ಬಿಡಿ."

"ನನಗೆ ಪುಣ್ಯ ಬೇಡ ಸಾರ್, ಹೂವು ಬೇಕಿತ್ತು."

"ಹೂವಿಲ್ದೆ ಮಾರ್ಕ್ಸ್ ಹಾಕಕ್ಕಾಗಲ್ಲಮ್ಮ," ಎಂದು ನನ್ನ ಹೆಸರಿನ ಮೇಲೆ ಗೀಟು ಎಳೆದರು. ನನ್ನ ಮುಖ ನೋಡಿ ಮರುಕ ಬಂದಿರಬೇಕು, ಜುಬ್ಬಾದ ಜೇಬಿಗೆ ಕೈ ಹಾಕಿದರು.

"ಬೇಜಾರು ಮಾಡ್ಕೋಬೇಡಿ. ತಗೊಳ್ಳಿ, ನಮ್ಮನೆ ಪೂಜೆ ಪ್ರಸಾದ."

ನನ್ನ ಅಂಗೈಗೆ ಬಿದ್ದದ್ದು ಬೂದು ಬಣ್ಣದ ದಾಸವಾಳ, ಅಂಚಿಗೆ ಹಳದಿ ಗೆರೆ.