ಮೇಷ್ಟ್ರ ಫೋನಿನ ವೇಗ

ಊರಿಗೆಲ್ಲ ಇಂಟರ್ನೆಟ್ ಕೊಡುವ ಧನಪಾಲ ಒಂದು ಕಳ್ಳಾಟ ಕಲಿತಿದ್ದ. ಪ್ರತಿ ಶುಕ್ರವಾರ ಅಂಗಡಿಯಲ್ಲಿ ಕೂತೇ ಮೇಷ್ಟ್ರ ಮನೆಯ ರೂಟರ್‌ನ ಸೆಟ್ಟಿಂಗ್ ತೆರೆದು, ಮೇಷ್ಟ್ರ ಫೋನಿಗೆ ಮಾತ್ರ ವೇಗದ ಮಿತಿ ಹಾಕಿಬಿಡುತ್ತಿದ್ದ. ಮೇಷ್ಟ್ರು ಕರೆಯುತ್ತಿದ್ದರು, ಇವನು ಓಡುತ್ತಿದ್ದ. ಮಿತಿ ತೆಗೆಯಲು ಅರ್ಧ ನಿಮಿಷ ಸಾಕು; ಅವರ ಮಗಳು ಕೊಟ್ಟ ಕಾಫಿ ಕುಡಿಯಲು ಅರ್ಧ ಗಂಟೆ ಬೇಕು. ಪಾಸ್‌ವರ್ಡ್ ಒತ್ತುವಾಗಲೆಲ್ಲ ಅವಳು ಬೆನ್ನ ಹಿಂದೆಯೇ ನಿಂತಿರುತ್ತಿದ್ದಳು.

ಮೇಷ್ಟ್ರ ಪಾಡು ಕಂಡು ಪಾಪ ಅನಿಸಿ, ಈ ಶುಕ್ರವಾರ ಸುಮ್ಮನಿದ್ದ. ಆದರೂ ಫೋನ್ ಬಂತು.

"ಲೋ ಧನಪಾಲ, ಮತ್ತೆ ಅದೇ ಗೋಳು ಕಣೋ!"

ಹೋಗಿ ನೋಡಿದರೆ ನಿಜವಾಗಿಯೂ ಮಿತಿ ಬಿದ್ದಿದೆ.

"ನಾನು ಹಾಕೇ ಇಲ್ವಲ್ಲ!" ಬಾಯಿತಪ್ಪಿ ಗೊಣಗಿದ.

ಅವಳು ಕಾಫಿ ಲೋಟ ಚಾಚುತ್ತ ಪಿಸುಗುಟ್ಟಿದಳು: "ನೀವು ಮರೆತ್ರಿ ಅಂತ ನಾನೇ ಹಾಕ್ದೆ."